ಅಂಗಡಿ ಸರ್ ಕೇಳದ ಪುಸ್ತಕಗಳು

ಕಳೆದ ತಿಂಗಳು ಮಂಡ್ಯದಿಂದ ಪಾಂಡವಪುರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಕಾರ್ಖಾನೆಯಲ್ಲಿ ಕಬ್ಬು ಅರೆಯುವುದು ಶುರುವಾಗಿತ್ತೆಂದು ಕಾಣುತ್ತದೆ, ಕಾಕಂಬಿಯ ವಾಸನೆ ಒಮ್ಮೆಲೇ ಒಳಗೆ ನುಗ್ಗಿತು. ಸೀದ ಬೆಲ್ಲ ಹುಳಿತು ನಾರುವ ಹಾಗೆ ಇರುತ್ತದೆ ಅದು. ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು, "ಥೂ, ಏನು ಗಬ್ಬುನಾತ, ಕಿಟಕಿ ಎಳೀರಿ" ಎಂದಳು. ನಾನು ಎಳೆಯಲಿಲ್ಲ. ಆ ವಾಸನೆಗೆ ನನ್ನ ಮನಸ್ಸು ಆಗಲೇ ರಬಕವಿ ಸೇರಿತ್ತು.

ರಬಕವಿ–ಬನಹಟ್ಟಿ ಕಡೆಯ ಒಂದು ಸರ್ಕಾರಿ ಕಾಲೇಜಿಗೆ ನನ್ನನ್ನು ಗ್ರಂಥಪಾಲಕಿಯಾಗಿ ಹಾಕಿದ್ದರು. ಮಂಡ್ಯದವಳನ್ನು ಕೃಷ್ಣೆಯ ದಡಕ್ಕೆ ಹಾಕುವುದೆಂದರೆ ಇಲಾಖೆಗೆ ಒಂದು ಆದೇಶದ ಮಾತು. ನನಗೆ ಅದು ಒಂದಿಡೀ ವರ್ಷ. ನಂಟರಿಲ್ಲ, ಗುರುತಿನವರಿಲ್ಲ, ರಾಗಿ ಹಿಟ್ಟು ಸಿಗುವ ಅಂಗಡಿಯೂ ಇಲ್ಲ. ರಬಕವಿಯ ಒಂದು ಓಣಿಯಲ್ಲಿ ಗೌರವ್ವ ಎಂಬ ಹಿರಿಯ ಹೆಂಗಸಿನ ಮಾಳಿಗೆಯ ಮೇಲಿನ ಕೋಣೆ ಹಿಡಿದೆ. ಕೆಳಗೆ ಅವರ ಪವರ್‌ಲೂಮುಗಳು ಬೆಳಗಿನಿಂದ ಸಂಜೆಯ ತನಕ ಖಟಖಟ ಎನ್ನುತ್ತಿದ್ದವು. ಮೊದಮೊದಲು ತಲೆ ಸಿಡಿಯುತ್ತಿತ್ತು. ಆಮೇಲೆ ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿದಾಗ ಗೊತ್ತಾಯಿತು, ಆ ಸದ್ದೇ ನನಗೆ ಜೊತೆಯಾಗಿತ್ತೆಂದು.

ಜನ ಒಳ್ಳೆಯವರೇ, ಇಲ್ಲವೆನ್ನಲಾರೆ. ಹಾದಿಯಲ್ಲಿ ಕಂಡವರೆಲ್ಲ "ಊಟಾತೇನ್ರಿ?" ಎನ್ನುತ್ತಿದ್ದರು. ಆಯಿತು ಎಂದರೆ ಮಾತು ಮುಗಿಯಿತು. ಆಗಿಲ್ಲ ಎಂದರೆ ಮನೆಗೆ ಎಳೆದುಕೊಂಡು ಹೋಗಿ ರೊಟ್ಟಿ ಬಡಿಸುತ್ತಾರೆ, ಅದು ಇನ್ನೊಂದು ಸಂಕೋಚ. ಹಾಗಾಗಿ ಹಸಿದಿದ್ದರೂ ಆಯಿತು ಎನ್ನುತ್ತಿದ್ದೆ. ಗೌರವ್ವ ಮಾತ್ರ ಒಂದು ಸಂಜೆ ಮೆಟ್ಟಿಲ ಬಳಿ ತಡೆದು, "ಒಬ್ಬಾಕೀನ ಹ್ಯಾಂಗ ಇರ್ತೀರವ್ವಾ? ಬ್ಯಾಸರ ಆಗಂಗಿಲ್ಲೇನ?" ಎಂದು ಕೇಳಿದರು. "ಕೆಲಸ ಬಹಳ ಇರುತ್ತೆ ಅಮ್ಮ" ಅಂದೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಕೆಲಸವಿದ್ದದ್ದು ಸುಳ್ಳಲ್ಲ. ಗ್ರಂಥಾಲಯಕ್ಕೆ ಪುಸ್ತಕ ತರಿಸುವುದು ಹೊರಗಿನವರು ತಿಳಿದಷ್ಟು ಸಸಾರವಲ್ಲ. ಮೇಷ್ಟರೊಬ್ಬರು ಇಂಥ ಪುಸ್ತಕ ಬೇಕೆಂದು ಚೀಟಿ ಕೊಡುತ್ತಾರೆ. ನಮ್ಮಲ್ಲಿ ಅದು ಈಗಾಗಲೇ ಇದೆಯೋ ನೋಡಬೇಕು, ಸಮಿತಿಯ ಮುಂದಿಡಬೇಕು, ಒಪ್ಪಿದರೆ ವ್ಯಾಪಾರಿಗೆ ಹೇಳಬೇಕು, ಬರುವ ತನಕ ಬೆನ್ನು ಹತ್ತಬೇಕು. ಇಷ್ಟನ್ನೂ ಕಂಪ್ಯೂಟರಿನಲ್ಲಿ ಒಂದೊಂದು ಕಾಲಮ್ಮಿಗೆ ಹಾಕಿ, ಕೊನೆಯಲ್ಲಿ ನನ್ನದೇ ಒಂದು ಕಾಲಮ್ ಸೇರಿಸಿದ್ದೆ: ಕೇಳಿದವರಿಗೆ ತಿಳಿಸಿದೆಯಾ? ಎಷ್ಟೋ ಕಡೆ ಪುಸ್ತಕ ಬಂದು ಕಪಾಟು ಸೇರಿ ಧೂಳು ತಿನ್ನುತ್ತದೆ, ಕೇಳಿದವನು ಬಂದೇ ಇಲ್ಲವೆಂದು ಬೈಯುತ್ತಿರುತ್ತಾನೆ. ಅದು ನನ್ನ ಕೈಯಲ್ಲಿ ಆಗಕೂಡದೆಂಬ ಹಟ ನನಗೆ.

ಹಳೆಯ ಬೇಡಿಕೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತ ಹೋದಂತೆ ಬೆರಗಾಯಿತು. ಅರ್ಥಶಾಸ್ತ್ರದ ಪುಸ್ತಕ ಕೇಳಿದವರು ಅಂಗಡಿ ಸರ್. ಕನ್ನಡ ವ್ಯಾಕರಣ, ಅಂಗಡಿ ಸರ್. ರಸಾಯನಶಾಸ್ತ್ರ, ವಾಲಿಬಾಲ್ ನಿಯಮ, ಹೆಣ್ಣುಮಕ್ಕಳ ಆರೋಗ್ಯ, ಎಲ್ಲವೂ ಅಂಗಡಿ ಸರ್! ಅವರು ಕಾಲೇಜಿನ ಅತಿ ಹಿರಿಯ ಮೇಷ್ಟರು, ಮುಧೋಳದಿಂದ ದಿನಾ ಬಸ್ಸಿಗೆ ಬರುತ್ತಿದ್ದರು, ನಿವೃತ್ತಿಗೆ ಹತ್ತಿರವಾಗಿದ್ದರು. ಅಯ್ಯೋ ಶಿವನೇ, ಎಂಥ ಓದುಗ ಎಂದುಕೊಂಡು, ಹೊಸ ಕಟ್ಟು ಬಂದ ದಿನ ನಾನೇ ಸಂಭ್ರಮದಿಂದ ಫೋನ್ ಮಾಡಿದೆ. ಬಂದರು, ನಕ್ಕರು, ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಹೋದರು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಕುತೂಹಲ ತಡೆಯದೆ, "ಸರ್, ಹೋದ ಸಲದ ಪುಸ್ತಕ ಹೇಗಿತ್ತು?" ಎಂದು ಕೇಳಿಯೇಬಿಟ್ಟೆ.

ಅವರು ಮುಖ ಸಣ್ಣದು ಮಾಡಿಕೊಂಡರು. "ಖರೆ ಹೇಳಲೇನ್ರಿ? ನಾ ಯಾವ ಪುಸ್ತಕಾನೂ ಕೇಳಿಲ್ಲ."

"ಮತ್ತೆ ತಗೊಂಡು ಹೋದಿರಲ್ಲ ಸರ್?"

"ನಿಮ್ಮ ಪುಸ್ತಕ ಬಂದಾವು ಅಂತ ನೀವು ಅಷ್ಟ ಪ್ರೀತೀಲೆ ಫೋನ್ ಮಾಡ್ತೀರಿ. ನನ್ನೂ ಅಲ್ಲ ಅಂದ್ರ ನಿಮ್ಮನ್ನ ಸುಳ್ಳ ಮಾಡಿದಂಗ ಆಗ್ತೈತಲ್ರಿ. ಒಯ್ದು ಮನ್ಯಾಗ ಇಟ್ಟೇನಿ. ಹಿಂದಿನವರ ಕಾಲದಿಂದ್ಲೂ ಇಟ್ಕೋತ ಬಂದೇನಿ."

ಸ್ಟಾಫ್ ರೂಮಿಗೆ ಹೋಗಿ, ಯಾಕೆ ಎಲ್ಲವನ್ನೂ ಅಂಗಡಿ ಸರ್ ಹೆಸರಿನಲ್ಲಿ ಕೊಡುತ್ತೀರಿ ಎಂದು ವಿಚಾರಿಸಿದೆ. ವಾಣಿಜ್ಯದ ಮೇಷ್ಟರೊಬ್ಬರು ನನಗೇ ಬುದ್ಧಿ ಹೇಳಿದರು: "ಹಿರ್ಯಾರು ಇರಬೇಕಾದ್ರ ನಮ್ಮ ಹೆಸರ ಹ್ಯಾಂಗ ಬರಿಯೂದ್ರಿ ಮೇಡಮ್ಮಾರ? ಚಂದ ಕಾಣ್ಸಂಗಿಲ್ಲ." ಮದುವೆ ಕಾರ್ಡಿನಲ್ಲಿ ಮನೆಯ ಹಿರಿಯರ ಹೆಸರು ಮೇಲೆ ಹಾಕುತ್ತಾರಲ್ಲ, ಹಾಗೆ. ಇವರು ಮರ್ಯಾದೆಗೆ ಅವರ ಹೆಸರು ಬರೆದರು, ಅವರು ಮರ್ಯಾದೆಗೆ ಹೊತ್ತುಕೊಂಡು ಹೋದರು. ಪುಸ್ತಕ ಬಂತೇ ಎಂದು ಮತ್ತೆ ಕೇಳಲು ಬರೆದವರಿಗೆ ಸಂಕೋಚ, ಹಿರಿಯರನ್ನು ತಗಾದೆ ಮಾಡಿದಂತಾಗುತ್ತದಲ್ಲ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಗೊಣಗುವುದಕ್ಕೂ ಯಾರಿಗೂ ಧೈರ್ಯವಿರಲಿಲ್ಲ.

ಒಂದು ಭಾನುವಾರ ಮುಧೋಳಕ್ಕೆ ಹೋದೆ. ಅಂಗಡಿ ಸರ್ ಮನೆಯ ಗೇಟಿನೊಳಗೆ ಬಡಕಲು ಮುಧೋಳ ನಾಯಿಯೊಂದು ಕಾಲು ಚಾಚಿ ಮಲಗಿತ್ತು, ನನ್ನನ್ನು ನೋಡಿ ಬೊಗಳುವ ತೊಂದರೆ ತೆಗೆದುಕೊಳ್ಳಲಿಲ್ಲ. ಪಡಸಾಲೆಯ ಅಲ್ಮೇರಾ ತುಂಬ ಪುಸ್ತಕ, ಹೊದಿಸಿದ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು: "ತಗೊಂಡ ಹೋಗ್ರಿ ನಮ್ಮವ್ವಾ, ಪುಣ್ಯಾ ಬರ್ತೈತಿ ನಿಮಗ. ವಾರಾ ವಾರಾ ಧೂಳ ಝಾಡಿಸಿ ನನ್ನ ರಟ್ಟಿ ಬಿದ್ದಾವು. ಒಂದರ ತೆರದ ನೋಡ್ಯಾರಂತೀರಿ?" ಸರ್ ಚಹಾ ಬಟ್ಟಲಿನೊಳಗೆ ನೋಡುತ್ತ ಕೂತಿದ್ದರು. ಮೂವರೂ ನಕ್ಕೆವು. ಆ ಊರಿಗೆ ಬಂದ ಮೇಲೆ ನಾನು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ಟಂಟಂ ಆಟೋದಲ್ಲಿ ಪುಸ್ತಕ ಹೇರಿಕೊಂಡು ತಂದೆ.

ತಂದೇನೋ ತಂದೆ, ಅವು ಯಾರವು? ಇನ್ನು ಮೇಲೆ ಬೇಕಾದವರೇ ತಮ್ಮ ಹೆಸರಿನಲ್ಲಿ ಕೇಳಬೇಕು, ಹಳೆಯವನ್ನು ಕೇಳಿದ್ದವರು ಬಂದು ಹೇಳಬೇಕು ಎಂದು ಬೋರ್ಡಿಗೆ ಹಚ್ಚಿದೆ. ಒಬ್ಬರೂ ಬರಲಿಲ್ಲ. "ನಾವಲ್ರಿ, ನಾವಲ್ರಿ" ಎಂದು ಎಲ್ಲರೂ ಜಾರಿಕೊಂಡರು. ಕೊನೆಗೆ ಒಂದು ಸಂಜೆ, ನಾಲ್ಕರ ಗಂಟೆ ಹೊಡೆದ ಮೇಲೆ, ಬಾಗಿಲಲ್ಲಿ ಒಂದು ಹುಡುಗಿ ನಿಂತಳು. ಹುಡುಗಿ ಎಂದೆ, ಮೂವತ್ತರ ಹತ್ತಿರದವಳು. ಇತಿಹಾಸದ ಅತಿಥಿ ಉಪನ್ಯಾಸಕಿ ಮಹಾದೇವಿ.

"ಮೇಡಮ್ಮಾರ, ಆ ನೇಕಾರಿಕಿ ಪುಸ್ತಕ ನಂದ್ರಿ" ಎಂದಳು, ಕದ್ದ ಮಾಲು ಒಪ್ಪಿಸುವವಳ ದನಿಯಲ್ಲಿ.

ದಖ್ಖನ್ನಿನ ನೇಕಾರಿಕೆಯ ಮೇಲಿನ ಎರಡು ಸಂಪುಟ, ಪುಣೆಯಲ್ಲಿ ಅಚ್ಚಾಗಿದ್ದು, ಈಗ ಅಚ್ಚಿನಲ್ಲಿಲ್ಲ. ಅಂಗಡಿ ಸರ್ ಹೆಸರಿನಲ್ಲಿ ಕೊಟ್ಟ ಆ ಬೇಡಿಕೆ ವ್ಯಾಪಾರಿಯ ಬಳಿಯೇ ಸತ್ತು ಬಿದ್ದಿತ್ತು, ಪುಸ್ತಕ ಬಂದೇ ಇರಲಿಲ್ಲ. ಮಹಾದೇವಿಯದು ರಬಕವಿಯದೇ ನೇಕಾರರ ಮನೆ. ಕೈಮಗ್ಗಗಳು ಹೋಗಿ ಪವರ್‌ಲೂಮ್ ಬಂದದ್ದರ ಮೇಲೆ ಧಾರವಾಡದಲ್ಲಿ ಪಿಎಚ್‌ಡಿಗೆ ಸೇರಿದ್ದಳು. ಈ ಪುಸ್ತಕ ಓದದೆ ಕೊನೆಯ ಅಧ್ಯಾಯ ಬರೆಯಬೇಡ ಎಂದು ಗೈಡು ಹೇಳಿದ್ದರಂತೆ. ಪಿಎಚ್‌ಡಿ ಆಗದಿದ್ದರೆ ಜನ್ಮವಿಡೀ ಅತಿಥಿಯಾಗಿಯೇ ಇರಬೇಕು ಎಂದಳು. ನಾನು ಅಲ್ಲೇ, ಅವಳ ಮುಂದೆಯೇ, ಕೇಳಿದವರ ಹೆಸರಿನ ಕಾಲಮ್ಮಿನಲ್ಲಿದ್ದ ಅಂಗಡಿ ಸರ್ ಎಂಬುದನ್ನು ಅಳಿಸಿ ಮಹಾದೇವಿ ಎಂದು ಹಾಕಿದೆ. ಅವಳು ಪರದೆಯ ಮೇಲಿನ ತನ್ನ ಹೆಸರನ್ನು ಸ್ವಲ್ಪ ಹೊತ್ತು ನೋಡಿದಳು.

ಮರುದಿನ ನಾಲ್ಕಕ್ಕೆ ಮತ್ತೆ ಬಂದಳು. "ಬಂತೇನ್ರಿ ಮೇಡಮ್ಮಾರ?"

"ನಿನ್ನೆ ತಾನೇ ಹೇಳಿದ್ದು, ಪುಸ್ತಕಕ್ಕೇನು ಕಾಲಿದೆಯೇ?" ಎಂದು ರೇಗಿದೆ. ನಕ್ಕು ಕೂತಳು. ಅದರ ಮರುದಿನವೂ ಬಂದಳು. ಹೀಗೆ ಶುರುವಾಯಿತು.

ಬೆಳಗಾವಿಯ ಪುಸ್ತಕದ ವ್ಯಾಪಾರಿಗೆ ನಾನು ಫೋನ್ ಮಾಡಿದಾಗಲೆಲ್ಲ, "ಎಂಟ ದಿನದಾಗ ಬಂತಂತ ತಿಳೀರಿ ಮೇಡಂ" ಎನ್ನುತ್ತಿದ್ದ. ಅವನ ಎಂಟು ದಿನ ಎಂದೂ ಮುಗಿಯಲಿಲ್ಲ. ಅವನು ಹೇಳಿದ್ದನ್ನು ನಾನು ಮಹಾದೇವಿಗೆ ಹೇಳುವುದು, ಅವಳು ಅವನ ದನಿಯನ್ನು ಅಣಕಿಸುವುದು, ಆಮೇಲೆ ಚಹಾ. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದಳು. ನಾನು ಮಧ್ಯಾಹ್ನದ ಡಬ್ಬಿಯನ್ನು ಮಧ್ಯಾಹ್ನ ತಿನ್ನುವುದು ಬಿಟ್ಟು ನಾಲ್ಕಕ್ಕೆ ತೆರೆಯತೊಡಗಿದೆ. "ಮುದ್ದಿ ಅಂದ್ರ ನುಂಗೂದಂತಲ್ರಿ? ಹಲ್ಲ ಯಾಕ ಕೊಟ್ಟಾನ ದೇವರು?" ಎಂದು, ಊರಿನಿಂದ ತರಿಸಿದ ಹಿಟ್ಟಿನ ನನ್ನ ರಾಗಿಮುದ್ದೆಯನ್ನು ಆಡಿಕೊಳ್ಳುತ್ತಿದ್ದಳು. ನೀವು ಹೋಗಿ ನೀನು ಆದದ್ದು ಯಾವಾಗಲೋ ತಿಳಿಯಲಿಲ್ಲ. ಅವಳಿಗೆ ಮಾತ್ರ ನಾನು ಕೊನೆಯವರೆಗೂ ಮೇಡಮ್ಮಾರೇ.

ದೀಪಾವಳಿ ಕಳೆದ ಮೇಲೆ ಕಬ್ಬಿನ ಹಂಗಾಮು ಶುರುವಾಯಿತು. ಹಿಪ್ಪರಗಿ ಕಡೆಯಿಂದ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ತೊನೆಯುತ್ತ ಬರುತ್ತಿದ್ದವು, ಹಾದಿಯುದ್ದಕ್ಕೂ ಕಬ್ಬಿನ ಜಲ್ಲೆ ಬಿದ್ದಿರುತ್ತಿತ್ತು. ಬೆಳಿಗ್ಗೆ ಥಂಡಿ, ಮಧ್ಯಾಹ್ನ ಧೂಳು, ಗಾಳಿ ತಿರುಗಿದರೆ ಕಾಕಂಬಿ. ಕೋಣೆಯೊಳಗೆ ಹಾಸಿಗೆಗೂ ಅದೇ ವಾಸನೆ. ಭಾನುವಾರಗಳು ಮಾತ್ರ ಮುಗಿಯುತ್ತಲೇ ಇರಲಿಲ್ಲ. ಅಂದು ನಾಲ್ಕು ಗಂಟೆಗೆ ನಾನು ಮಾಳಿಗೆಯ ಮೇಲೆ ನಿಂತು ಹಾದಿ ನೋಡುತ್ತಿದ್ದೆ, ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ.

ಒಂದು ದಿನ ವ್ಯಾಪಾರಿ, ಪುಣೆಯಲ್ಲಿ ಒಂದು ಪ್ರತಿ ಸಿಕ್ಕೇಬಿಟ್ಟಿದೆ ಎಂದ. ಫೋನ್ ಇಟ್ಟೆ. ಸಂತೋಷವಾಗಬೇಕಿತ್ತು, ಆಗಲಿಲ್ಲ. ಪುಸ್ತಕ ಬಂದ ಮೇಲೆ ಇವಳು ಯಾಕೆ ಬರುತ್ತಾಳೆ? ಒಂದು ಮನಸ್ಸು ಅವಳ ಅಧ್ಯಾಯ ಮುಗಿಯಲಿ, ಬೇಗ ಬರಲಿ ಎನ್ನುತ್ತಿತ್ತು. ಇನ್ನೊಂದು, ಇನ್ನೊಂದು ವಾರ ತಡವಾದರೆ ಏನು ಗಂಟು ಹೋಗುತ್ತದೆ ಎನ್ನುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಎರಡೂ ನಾನೇ. ಆದರೂ ಫೋನ್ ಮಾಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಸಂಕ್ರಾಂತಿ ಕಳೆದದ್ದೇ ಇತಿಹಾಸ ವಿಭಾಗಕ್ಕೆ ಕಾಯಂ ಮೇಷ್ಟರೊಬ್ಬರು ವರ್ಗವಾಗಿ ಬಂದರು. ಕಾಯಂ ಬಂದರೆ ಅತಿಥಿ ಹೋಗಬೇಕು, ಅದು ನಿಯಮ. ಮಹಾದೇವಿಗೆ ಪಾಠದ ನಡುವೆಯೇ ತಿಳಿಸಿದರಂತೆ. ನನಗೆ ಹೇಳಲು ಬಂದವಳು, ಹೇಳಿ, ಡಸ್ಟರನ್ನು ನನ್ನ ಮೇಜಿನ ಮೇಲಿಟ್ಟು, "ಹೋಗ್ಲಿ ಬಿಡ್ರಿ. ಏನ್ ಮಾಡೂದ್ರಿ?" ಎಂದಳು. "ಪುಸ್ತಕ ತರಿಸೇ ತರಿಸ್ತೀನಿ" ಎಂದೆ. ಆ ಹೊತ್ತಿಗೆ ನನ್ನ ಕೈಯಲ್ಲಿದ್ದದ್ದು ಅದೊಂದೇ.

ಅದೂ ಜಾರುವುದರಲ್ಲಿತ್ತು. ಮಾರ್ಚಿನೊಳಗೆ ಅನುದಾನ ಮುಗಿಸಬೇಕು, ಗ್ರಂಥಾಲಯ ಸಮಿತಿ ಕೂತಿತು. ಪ್ರಿನ್ಸಿಪಾಲರು ಪರದೆಯ ಮೇಲೆ ಒಂದೊಂದೇ ಬೇಡಿಕೆ ನೋಡುತ್ತ ಬಂದು ಮಹಾದೇವಿಯ ಹೆಸರಿಗೆ ನಿಂತರು. "ಕೇಳಿದಾಕೀನ ಈಗ ಕಾಲೇಜಿನ್ಯಾಗಿಲ್ಲ. ಮತ್ತ ಇದು ಯಾರಿಗ್ರಿ? ತೆಗೀರಿ ಇದನ್ನ. ಸ್ಪರ್ಧಾತ್ಮಕ ಪರೀಕ್ಷೆ ಗೈಡ್ ತರಸೂಣು." ನೋಡಿ ವಿಧಿಯ ಆಟ! ಹಳೆಯ ಪದ್ಧತಿಯಂತೆ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ನನ್ನ ಶಿಸ್ತು ಅವಳ ಹೆಸರನ್ನು ಎದುರಿಗೆ ತಂದು ನಿಲ್ಲಿಸಿತ್ತು. ಪುಸ್ತಕ ಮುಂದೆ ಯಾರಾದರೂ ಓದುತ್ತಾರೆ, ಇದು ಇದೇ ಊರಿನ ಕಸುಬಿನ ಪುಸ್ತಕ ಎಂದೆಲ್ಲ ವಾದಿಸಿದೆ, ದನಿಯೂ ಏರಿತು.

ಆಗ ಮೂಲೆಯಿಂದ ಅಂಗಡಿ ಸರ್ ಕೆಮ್ಮಿದರು. "ಅದು ನಂದ್ರಿ."

"ಏನ್ರಿ ಸರ್?" ಎಂದರು ಪ್ರಿನ್ಸಿಪಾಲರು.

"ಆ ಪುಸ್ತಕ ನಾ ಕೇಳೀನಿ. ಮೊದ್ಲ ನನ್ನ ಹೆಸರ ಇತ್ತು. ಮೇಡಮ್ಮಾರು ನಡಕ ತಪ್ಪಿ ಆ ಹುಡುಗಿ ಹೆಸರ ಬರದಾರ. ನನಗ ಓದೂದೈತಿ."

ಜನ್ಮದಲ್ಲಿ ಒಂದು ಪುಸ್ತಕವನ್ನೂ ಕೇಳದ ಮನುಷ್ಯ! ಹಿರಿಯರಿಗೆ ಇಲ್ಲವೆನ್ನುವ ಗಂಡಸು ಆ ಕೋಣೆಯಲ್ಲಿರಲಿಲ್ಲ. ಪುಸ್ತಕ ಉಳಿಯಿತು. ಹೊರಗೆ ಬಂದಾಗ ಅವರಿಗೆ ಕೈಮುಗಿದೆ. "ಸುಳ್ಳಲ್ರಿ, ನಾನೂ ಒಂದೆರಡ ಪಾನ ಓದ್ತೀನಿ" ಎಂದು ನಾಚಿಕೊಂಡು ಬಸ್ಸಿಗೆ ನಡೆದರು.

ಆಮೇಲಿನ ವಾರಗಳು ನನ್ನ ಪಾಲಿಗೆ ಬಹಳ ಕೆಟ್ಟವು. ನಾಲ್ಕರ ಗಂಟೆ ಹೊಡೆಯುತ್ತಿತ್ತು, ಮಕ್ಕಳು ಸೈಕಲ್ ಹತ್ತಿ ಹೋಗುತ್ತಿದ್ದರು, ನಾನು ಡಬ್ಬಿ ತೆರೆದು ಎರಡು ತುತ್ತು ತಿಂದು ಮುಚ್ಚುತ್ತಿದ್ದೆ. ರಬಕವಿಯಲ್ಲೇ ಇದ್ದಳಲ್ಲ, ಹೋಗಿ ಮಾತಾಡಿಸಬಹುದಿತ್ತು. ಪುಸ್ತಕವಿಲ್ಲದೆ ಯಾವ ಮುಖ ಹೊತ್ತು ಹೋಗುವುದು ಎಂದು ಸುಮ್ಮನಿದ್ದೆ.

ಶಿವರಾತ್ರಿ ಕಳೆದು ಬಿಸಿಲು ಚುರುಕಾದ ಹೊತ್ತಿಗೆ ಎರಡೂ ಸಂಪುಟ ಬಂದವು. ನನ್ನ ಹೆಸರಿಗೇ ತೆಗೆದುಕೊಂಡು, ಚೀಲಕ್ಕೆ ಹಾಕಿ, ಸಂಜೆ ಅವಳ ಮನೆ ಹುಡುಕಿಕೊಂಡು ಹೋದೆ. ಮಗ್ಗದ ಕೋಣೆಯಲ್ಲಿ ಅವಳು ಕಂಡಿಕೆಗೆ ನೂಲು ಸುತ್ತುತ್ತಿದ್ದಳು, ಅವಳ ಅಪ್ಪ ಮಗ್ಗಗಳ ನಡುವೆ ಓಡಾಡುತ್ತಿದ್ದರು. ಸದ್ದಿನಲ್ಲಿ ಮಾತೇ ಕೇಳುತ್ತಿರಲಿಲ್ಲ. ಪುಸ್ತಕ ಎತ್ತಿ ತೋರಿಸಿದೆ. ಅವಳು ಎದ್ದು ಬಂದು ಎರಡೂ ಕೈಯಿಂದ ಇಸಿದುಕೊಂಡಳು, ನನ್ನನ್ನು ಹಿತ್ತಲಿಗೆ ಕರೆದೊಯ್ದು ಕಟ್ಟೆಯ ಮೇಲೆ ಕೂರಿಸಿದಳು. ಅವಳ ಮುಖದಲ್ಲಿ ನಾನು ಎಣಿಸಿದ್ದ ಸಂತೋಷವಿರಲಿಲ್ಲ.

"ಸಿಟ್ಟಾಗಬ್ಯಾಡ್ರಿ, ಒಂದ ಮಾತ ಹೇಳ್ತೀನಿ" ಎಂದಳು. "ಇದನ್ನ ನಾ ದೀಪಾವಳಿಗೇನ ಓದೇನ್ರಿ."

"ಏನು?"

"ಧಾರವಾಡಕ್ಕ ಹೋದಾಗ ಗೈಡ್ ಅವರ ಗೆಳ್ಯಾರ ಹತ್ರ ಇತ್ತು. ಪಾನ ಪಾನ ಫೋಟೋ ತಗೊಂಡ ಬಂದೆ. ಅಧ್ಯಾಯ ಬರದ ಕೊಟ್ಟೂ ಆತು."

ಸಿಟ್ಟಾಗಬೇಡ ಎಂದರೆ ಆಗುತ್ತದೆಯೇ? ಉರಿದು ಹೋದೆ. ಬೆಳಗಾವಿಗೆ ಮಾಡಿದ ಫೋನುಗಳು, ಸಮಿತಿಯಲ್ಲಿ ಹರಿದುಕೊಂಡ ಗಂಟಲು, ಪಾಪ ಆ ಅಂಗಡಿ ಸರ್ ಹೇಳಿದ ಸುಳ್ಳು! "ಮತ್ತೆ ದಿನಾ ಬಂದು ಬಂತೇನ್ರಿ ಬಂತೇನ್ರಿ ಅಂತ ಕೇಳ್ತಿದ್ದೆಯಲ್ಲ, ಅದೇನು ತಮಾಷೆಯೇನೇ?"

ಅವಳು ತಲೆ ತಗ್ಗಿಸಿದಳು. "ಹೇಳಬೇಕಂತನ ಬಂದಿದ್ದೆ, ರಜಾ ಮುಗದ ಮರುದಿನ. ನೀವು ಡಬ್ಬಿ ತೆರದು ಕುಂತಿದ್ರಿ, ಬಾ ಕೂತ್ಕೋ ಅಂದ್ರಿ. ಗೆಸ್ಟ್ ಮಂದಿಗೆ ಸ್ಟಾಫ್ ರೂಮಿನ್ಯಾಗ ಕುರ್ಚಿ ಇಲ್ರಿ ಮೇಡಮ್ಮಾರ. ಯಾರರ ರಜಾ ಹಾಕಿದ್ರ ಅವರ ಕುರ್ಚಿ, ಇಲ್ಲಂದ್ರ ಕಿಡಕಿ ಕಟ್ಟಿ. ಬಾ ಕೂತ್ಕೋ ಅಂತ ಅಲ್ಲಿ ನನಗ ಯಾರೂ ಅಂದಿದ್ದಿಲ್ಲ. ಪುಸ್ತಕ ಸಿಕ್ತು ಅಂದ್ಬಿಟ್ರ ಮರುದಿನ ಏನಂತ ಬರ್ಲಿ? ಸುಮ್ನ ಬಂದ್ ಕುಂಡ್ರಾಕ ನಾಚಿಕಿ."

ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೇ ನಿಂತವು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಪುಣೆಯ ಪ್ರತಿ ಸಿಕ್ಕ ದಿನ ನನಗೆ ಹೇಗಾಯಿತೆಂದು ಅವಳಿಗೆ ಹೇಳಿದೆ. ಇನ್ನೊಂದು ವಾರ ತಡವಾಗಲಿ ಎಂದು ಬೇಡಿಕೊಂಡದ್ದನ್ನೂ ಹೇಳಿದೆ. ಅವಳು ನನ್ನನ್ನೇ ನೋಡುತ್ತ ಕೇಳಿ, "ಹಂಗಾರ ಇಬ್ರೂ ಕೂಡೇ ಬೆಳಗಾವಿಯವಗ ತ್ರಾಸ ಕೊಟ್ಟೀವಿ ಅನ್ರಿ" ಎಂದಳು. ನಗು ಬಂತು, ನಗುತ್ತಲೇ ನನಗೆ ಅಳು ಬಂತು. ಮರೆಮಾಡುವ ಗೋಜಿಗೆ ಹೋಗಲಿಲ್ಲ.

ಬಸ್ ನಿಲ್ದಾಣದ ತನಕ ಜೊತೆಗೆ ಬಂದಳು. ನನ್ನ ಕೋಣೆ ಆ ದಿಕ್ಕಿಗೆ ಅಲ್ಲವೇ ಅಲ್ಲ, ಇಬ್ಬರಿಗೂ ಗೊತ್ತಿತ್ತು, ಆದರೂ ನಡೆದೆವು. ಅಲ್ಲಿ ನಿಂತು ಹೇಳಿದಳು, "ಸೋಮವಾರ ವಿಜಯಪುರಕ್ಕ ಹೊಂಟೇನ್ರಿ. ಖಾಸಗಿ ಕಾಲೇಜೊಂದರಾಗ ತಗೊಂಡಾರ. ಹಾಸ್ಟೆಲಿನ್ಯಾಗ ಇರೂದು."

"ಒಳ್ಳೇದಾಯ್ತು" ಎಂದೆ. ಒಳ್ಳೆಯದೇ ಆಗಿತ್ತು. ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋದ ಮೇಲೆ ಹೇಳಿದೆ, "ಹೋಗೋ ಮುಂಚೆ ಇನ್ನೊಂದು ಪುಸ್ತಕ ಕೇಳಿ ಹೋಗು, ಮಹಾದೇವಿ. ಬೇಗ ಸಿಗದೇ ಇರೋ ಅಂಥದ್ದು."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಳು.

"ಕೇಳ್ತೀನ್ರಿ" ಎಂದಳು. "ಬಂದ್ರ ಫೋನ್ ಮಾಡ್ರಿ ಮೇಡಮ್ಮಾರ. ಬರ್ಲಿಲ್ಲಂದ್ರೂ ಮಾಡ್ರಿ."